ಮಗುವಿನ ಪಾದದ ಮೂಳೆಯಲ್ಲಿ ಗಡ್ಡೆ: ಹೆಸರು ಆಮೇಲೆ, ಮೊದಲು ಜಾಗ ನೋಡಿ

ಎಕ್ಸ್‌ರೇ ವರದಿಯಲ್ಲಿ 'ಲೈಟಿಕ್ ಲೀಷನ್' ಎಂದು ಬರೆದಿದ್ದರೆ ಅದರ ಅರ್ಥ ಇಷ್ಟೇ: ಆ ಜಾಗದಲ್ಲಿ ಮೂಳೆಯ ಸುಣ್ಣದ ಅಂಶ ಕಡಿಮೆಯಾಗಿದೆ, ಹಾಗಾಗಿ ಫಿಲ್ಮಿನಲ್ಲಿ ಕಪ್ಪಗೆ ಕಾಣುತ್ತಿದೆ. ಅದು ನೀರು ತುಂಬಿದ ಚೀಲ ಇರಬಹುದು, ಸೋಂಕು ಇರಬಹುದು, ಮೃದ್ವಸ್ಥಿಯ (ಕಾರ್ಟಿಲೇಜ್) ಗಂಟು ಇರಬಹುದು. ಹಿಮ್ಮಡಿಯಲ್ಲಾದರೆ ಏನೂ ಇಲ್ಲದಿರುವ ಸಾಧ್ಯತೆಯೂ ಚೆನ್ನಾಗಿಯೇ ಇದೆ. ಆದರೆ ಆ ಎರಡು ಪದ ಓದಿ ರಾತ್ರಿಯಿಡೀ ಮೊಬೈಲಿನಲ್ಲಿ ಹುಡುಕಿದ ಅಪ್ಪ-ಅಮ್ಮಂದಿರ ತಲೆಯಲ್ಲಿ ಬೆಳಗಾಗುವಷ್ಟರಲ್ಲಿ ಉಳಿಯುವುದು ಕ್ಯಾನ್ಸರ್ ಎಂಬ ಒಂದೇ ಮಾತು. ಈ ಬರಹ ಅವರಿಗಾಗಿ. ಮಕ್ಕಳ ಕಾಲುನೋವನ್ನು ಎಲ್ಲರಿಗಿಂತ ಮೊದಲು ನೋಡುವ ಕುಟುಂಬ ವೈದ್ಯರಿಗೂ ಒಂದಿಷ್ಟು ಉಪಯೋಗವಾದೀತು.

ಒಂದು ಪಾದದಲ್ಲಿ 26 ಮೂಳೆಗಳು: ಹಿಂಭಾಗದಲ್ಲಿ 7 ಗಟ್ಟಿ ತುಂಡುಗಳು, ನಡುವೆ 5 ಉದ್ದನೆಯ ಮೆಟಟಾರ್ಸಲ್‌ಗಳು, ಬೆರಳುಗಳಲ್ಲಿ 14. ಮಕ್ಕಳ ಮೂಳೆಗಡ್ಡೆಗಳು ಹೆಚ್ಚಾಗಿ ಬರುವುದು ಮಂಡಿಯ ಆಸುಪಾಸಿನಲ್ಲಿ. ಪಾದದ ಪಾಲು ತೀರಾ ಚಿಕ್ಕದು. ಆ ಚಿಕ್ಕ ಪಾಲಿನಲ್ಲೂ ಹೆಚ್ಚಿನವು ಬಿನೈನ್, ಎಂದರೆ ಕ್ಯಾನ್ಸರ್ ಅಲ್ಲದವು. ಅಪರೂಪವಾದ್ದರಿಂದಲೇ ಬೇರೆ ತೊಂದರೆ. ಯಾರ ಮನಸ್ಸಿಗೂ ಅದು ಮೊದಲು ಹೊಳೆಯುವುದಿಲ್ಲ. ಉಳುಕು, ಚಪ್ಪಟೆ ಪಾದ, ಉಗುರುಸುತ್ತು, ಬೆಳವಣಿಗೆಯ ನೋವು ಎಂದು ತಿಂಗಳುಗಳು ಕಳೆದುಹೋಗುತ್ತವೆ.

ಪಾದದ ವಿಷಯದಲ್ಲಿ ಒಂದು ಅನುಕೂಲವಿದೆ. ಇಲ್ಲಿನ ಒಂದೊಂದು ಗಡ್ಡೆಗೂ ತನ್ನದೇ ಇಷ್ಟದ ಮೂಳೆ, ಆ ಮೂಳೆಯಲ್ಲೂ ತನ್ನದೇ ಮೂಲೆ ಇದೆ. ಯಾವ ಮೂಳೆ, ಅದರ ಯಾವ ತುದಿ, ಮಗುವಿನ ವಯಸ್ಸೆಷ್ಟು, ನೋವು ಯಾವ ಹೊತ್ತಿಗೆ ಬರುತ್ತದೆ ಎಂಬ ನಾಲ್ಕನ್ನು ಸರಿಯಾಗಿ ಹೇಳಿದರೆ ಎಂಆರ್‌ಐಗೆ ಮೊದಲೇ ಪಟ್ಟಿ ಎರಡು ಮೂರು ಹೆಸರಿಗೆ ಇಳಿಯುತ್ತದೆ. ಅನನುಕೂಲವೂ ಇದೆ. ಮೂಳೆಗಳು ಚಿಕ್ಕವು, ಸುತ್ತ ಮಾಂಸ ಕಡಿಮೆ, ಎಲ್ಲ ಬದಿಗೂ ಕೀಲುಗಳು. ತೊಡೆಮೂಳೆಯಲ್ಲಿ 2 ಸೆಂಟಿಮೀಟರ್ ಗಡ್ಡೆ ಒಂದು ಮೂಲೆಯಲ್ಲಿ ಕೂತಿರುತ್ತದೆ. ಮಗುವಿನ ಮೆಟಟಾರ್ಸಲ್‌ನಲ್ಲಿ ಅಷ್ಟೇ ಗಾತ್ರದ್ದು ಮೂಳೆಯ ಅರ್ಧವನ್ನೇ ನುಂಗಿರುತ್ತದೆ.

ವಾಸಿಯಾಗದ ಉಗುರುಸುತ್ತು

ಕಾಲಿನ ಹೆಬ್ಬೆರಳಿನ ಉಗುರಿನಿಂದ ಶುರು ಮಾಡುತ್ತೇನೆ, ಏಕೆಂದರೆ ಅತಿ ಹೆಚ್ಚು ತಪ್ಪು ಚಿಕಿತ್ಸೆ ನಡೆಯುವುದು ಅಲ್ಲೇ. ಉಗುರಿನ ಕೆಳಗೆ, ಹೆಚ್ಚಾಗಿ ಒಳಬದಿಯ ಅಂಚಿನಲ್ಲಿ, ಗಟ್ಟಿಯಾದ ಗುಲಾಬಿ ಬಣ್ಣದ ಗಂಟು ಎದ್ದು ಉಗುರನ್ನು ಮೇಲಕ್ಕೆ ತಳ್ಳುತ್ತದೆ. ಇದು ಸಬ್‌ಅಂಗ್ವಲ್ ಎಕ್ಸೋಸ್ಟೋಸಿಸ್: ಬೆರಳ ತುದಿಯ ಮೂಳೆಯಿಂದ ಮೇಲೆದ್ದ ಮೂಳೆಯ ಮೊಳಕೆ, ನೆತ್ತಿಯ ಮೇಲೆ ಮೃದ್ವಸ್ಥಿಯ ಟೋಪಿ. ಹತ್ತು ವರ್ಷ ದಾಟಿದ ಮಕ್ಕಳಲ್ಲಿ ಮತ್ತು ಯುವಕರಲ್ಲಿ ಹೆಚ್ಚು. ನೋಡಿದವರು ನರಹುಲಿ ಎಂದು ಸುಡುತ್ತಾರೆ, ಉಗುರುಸುತ್ತು ಎಂದು ಆ್ಯಂಟಿಬಯಾಟಿಕ್ ಕೊಡುತ್ತಾರೆ, ಉಗುರು ಒಳಗೆ ಬೆಳೆದಿದೆ ಎಂದು ಅರ್ಧ ಉಗುರು ಕಿತ್ತು ಕಳಿಸುತ್ತಾರೆ. ಗಂಟು ಮಾತ್ರ ಕೂತಲ್ಲೇ ಇರುತ್ತದೆ.

ಬೆರಳಿನಿಂದ ಒತ್ತಿ ನೋಡಿದರೆ ಮೂಳೆಯಷ್ಟು ಗಟ್ಟಿ, ಅಲುಗುವುದಿಲ್ಲ. ಹಾಗಿದ್ದರೆ ಬೇಕಿರುವುದು ಒಂದು ಎಕ್ಸ್‌ರೇ, ಅದೂ ಬದಿಯಿಂದ ತೆಗೆದದ್ದು. ಮೇಲಿನಿಂದ ತೆಗೆದ ಚಿತ್ರದಲ್ಲಿ ಗಂಟು ಮೂಳೆಯ ಮೇಲೆಯೇ ಬಿದ್ದು ಮರೆಯಾಗುತ್ತದೆ. ಬದಿಯ ಚಿತ್ರಕ್ಕೆ ಉಳಿದ ನಾಲ್ಕು ಬೆರಳನ್ನು ಪಟ್ಟಿ ಸುತ್ತಿ ಕೆಳಕ್ಕೋ ಹಿಂದಕ್ಕೋ ಎಳೆದು ಹಿಡಿಯದಿದ್ದರೆ ಅವುಗಳ ನೆರಳು ಅಡ್ಡ ಬರುತ್ತದೆ. ಗಂಟು ಹೊಸದಾಗಿದ್ದರೆ ಇನ್ನೂ ಮೂಳೆಗಟ್ಟಿರುವುದಿಲ್ಲ, ಎಕ್ಸ್‌ರೇಯಲ್ಲಿ ಮಸುಕು ನೆರಳು ಅಷ್ಟೇ. ಅಂಥಲ್ಲಿ 'ನಾರ್ಮಲ್' ಎಂಬ ವರದಿಯನ್ನು ನಂಬಿ ಕೂರದೆ ಆರೆಂಟು ವಾರ ಬಿಟ್ಟು ಇನ್ನೊಮ್ಮೆ ತೆಗೆಸಬೇಕು.

ಚಿಕಿತ್ಸೆ ಕತ್ತರಿಸಿ ತೆಗೆಯುವುದೇ. ಉಗುರನ್ನು ಭಾಗಶಃ ಎತ್ತಿ, ಉಗುರಿನ ಹಾಸನ್ನು ಹರಿಯದಂತೆ ಬಿಡಿಸಿಟ್ಟು, ಗಂಟನ್ನು ಬುಡಸಮೇತ ತೆಗೆದು, ಕೆಳಗೆ ಆರೋಗ್ಯವಂತ ಸ್ಪಂಜಿನಂಥ ಮೂಳೆ ಕಾಣುವವರೆಗೆ ಕೆರೆಯಬೇಕು. ಮರುಕಳಿಸಿದ ಪ್ರಕರಣಗಳಲ್ಲಿ ಕಾರಣ ಹೆಚ್ಚಾಗಿ ಒಂದೇ: ಮೇಲಿನ ಗುಬ್ಬಿಯನ್ನು ಕತ್ತರಿಸಿ ಬುಡವನ್ನೋ ಮೃದ್ವಸ್ಥಿಯ ಚೂರನ್ನೋ ಬಿಟ್ಟಿರುತ್ತಾರೆ. ಹೊಸ ಉಗುರು ಪೂರ್ತಿ ಬರಲು ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಉಗುರಿನ ಹಾಸು ಹರಿದಿದ್ದರೆ ಬರುವ ಉಗುರು ಸೊಟ್ಟ. ಇನ್ನೊಂದು ಅವಘಡವನ್ನು ಹೇಳಲೇಬೇಕು. ರಕ್ತ ನಿಲ್ಲಿಸಲು ಬೆರಳ ಬುಡಕ್ಕೆ ಗ್ಲೌಸಿನ ತುಂಡನ್ನು ಉಂಗುರದಂತೆ ಸುತ್ತುತ್ತಾರೆ. ಅದನ್ನು ತೆಗೆಯಲು ಮರೆತು ಮೇಲೆ ಬ್ಯಾಂಡೇಜ್ ಕಟ್ಟಿದರೆ ಬೆರಳೇ ಕೊಳೆಯುತ್ತದೆ. ಆ ಉಂಗುರಕ್ಕೆ ಯಾವಾಗಲೂ ಒಂದು ಆರ್ಟರಿ ಫೋರ್ಸೆಪ್ಸ್ ಕಚ್ಚಿಸಿ ಬಿಡುವ ಪದ್ಧತಿ ಇರುವುದು ಇದಕ್ಕೇ. ಕಬ್ಬಿಣ ನೇತಾಡುತ್ತಿದ್ದರೆ ಯಾರೂ ಮರೆಯುವುದಿಲ್ಲ. ಮನೆಗೆ ಹೋದ ಮೇಲೆ ಬೆರಳ ತುದಿ ಬಿಳಿಚಿಕೊಂಡಿದ್ದರೆ, ನೀಲಿಯಾಗಿದ್ದರೆ ಬೆಳಗಿನವರೆಗೆ ಕಾಯಬೇಡಿ.

ಹಿಮ್ಮಡಿ: ಇಲ್ಲದ ರೋಗ, ಇರುವ ರೋಗ

ಹಿಮ್ಮಡಿಯ ಮೂಳೆ, ಎಂದರೆ ಕ್ಯಾಲ್ಕೇನಿಯಸ್, ಪಾದದ ಅತಿ ದೊಡ್ಡ ಮೂಳೆ. ಹೆಚ್ಚು ಗೊಂದಲ ಇರುವುದೂ ಇದರಲ್ಲೇ.

ಬದಿಯಿಂದ ತೆಗೆದ ಎಕ್ಸ್‌ರೇಯಲ್ಲಿ ಮೂಳೆಯ ಮುಂಭಾಗದ ಕೆಳಗೆ ಒಂದು ತ್ರಿಕೋನಾಕಾರದ ಜಾಗ ಸಹಜವಾಗಿಯೇ ತೆಳುವಾಗಿ ಕಾಣುತ್ತದೆ. ಮೈಭಾರ ಹೊರುವ ಮೂಳೆ ಎಳೆಗಳು ಈ ಜಾಗವನ್ನು ಬಳಸಿಕೊಂಡು ಮೇಲೂ ಕೆಳಗೂ ಸಾಗುತ್ತವೆ, ನಡುವೆ ಎಳೆ ಕಡಿಮೆ. ಇದು ರೋಗವಲ್ಲ. ಕೆಲವರಲ್ಲಿ ಇದು ಎಷ್ಟು ಕಪ್ಪಗೆ ಕಾಣುತ್ತದೆ ಎಂದರೆ ಸಿಸ್ಟ್ ಎಂದು ವರದಿಯಾಗಿಬಿಡುತ್ತದೆ. ನಿಜವಾದ ನೀರ್ಗುಳ್ಳೆಯೂ, ಎಂದರೆ ಯೂನಿಕ್ಯಾಮರಲ್ ಬೋನ್ ಸಿಸ್ಟ್, ಕೂರುವುದು ಹೆಚ್ಚುಕಡಿಮೆ ಅದೇ ತ್ರಿಕೋನದಲ್ಲೇ ಆದ್ದರಿಂದ ತಪ್ಪಾಗುವುದು ಸಹಜ. ವ್ಯತ್ಯಾಸ ಹೀಗೆ: ಸಹಜ ತ್ರಿಕೋನದೊಳಗೆ ಹತ್ತಿರದಿಂದ ನೋಡಿದರೆ ಮೂಳೆ ಎಳೆಗಳು ಮಸುಕಾಗಿ ಉಳಿದಿರುತ್ತವೆ, ಸುತ್ತಲೂ ಪೂರ್ತಿ ಗೆರೆ ಇರುವುದಿಲ್ಲ. ಸಿಸ್ಟ್‌ನಲ್ಲಿ ಒಳಗೆ ಎಳೆ ಇಲ್ಲ, ಅಂಚು ಪೆನ್ಸಿಲಿನಲ್ಲಿ ಬರೆದಂತೆ ಸ್ಪಷ್ಟ. ಆಗಲೂ ಅನುಮಾನ ಉಳಿದರೆ ಇನ್ನೊಂದು ಪಾದದ ಅದೇ ಭಂಗಿಯ ಚಿತ್ರ ತೆಗೆಸಿ ಪಕ್ಕಪಕ್ಕ ಇಟ್ಟು ನೋಡುವುದು ಅಗ್ಗದ, ಒಳ್ಳೆಯ ಪರೀಕ್ಷೆ. ಎಂಆರ್‌ಐಯಲ್ಲಾದರೆ ಸಿಸ್ಟ್‌ನಲ್ಲಿ ನೀರು, ತ್ರಿಕೋನದಲ್ಲಿ ಕೊಬ್ಬಿನ ಮಜ್ಜೆ. ಪ್ರಶ್ನೆ ಅಲ್ಲಿಗೆ ಮುಗಿಯುತ್ತದೆ.

ಹಿಮ್ಮಡಿಯ ಸಿಸ್ಟ್ ಹೆಚ್ಚಾಗಿ ಆಕಸ್ಮಿಕವಾಗಿ ಸಿಗುತ್ತದೆ. ಕಾಲು ಉಳುಕಿತೆಂದು ತೆಗೆದ ಚಿತ್ರದಲ್ಲಿ ಕಾಣುತ್ತದೆ, ನೋವಿಗೂ ಅದಕ್ಕೂ ಸಂಬಂಧ ಇರುವುದಿಲ್ಲ. ತೋಳಿನ ಮೂಳೆಯ ಸಿಸ್ಟ್ ಸುಲಭವಾಗಿ ಮುರಿಯುತ್ತದೆ. ಹಿಮ್ಮಡಿಯದು ಮುರಿಯುವುದು ಅಪರೂಪ. ಹಾಗಾದರೆ ಯಾವುದಕ್ಕೆ ಕೈ ಹಾಕಬೇಕು? ಶಸ್ತ್ರಚಿಕಿತ್ಸಕರು ಬಳಸುವ ಒಂದು ಅಳತೆ ಇದೆ: ಸಿಸ್ಟ್ ಮೂಳೆಯ ಒಳಬದಿಯಿಂದ ಹೊರಬದಿಯವರೆಗೆ ಪೂರ್ತಿ ಅಗಲ ತುಂಬಿದ್ದು, ಹಿಂದು-ಮುಂದಿನ ಉದ್ದದಲ್ಲಿ ಕನಿಷ್ಠ 30 ಶೇಕಡಾ ಆವರಿಸಿದ್ದರೆ ಮುರಿಯುವ ಅಪಾಯ ಗಣನೀಯ. ಅಗಲ ತಿಳಿಯಲು ಬದಿಯ ಚಿತ್ರ ಸಾಲದು, ಸಿಟಿ ಅಥವಾ ಎಂಆರ್‌ಐ ಬೇಕು. ಅಷ್ಟು ದೊಡ್ಡದಲ್ಲ, ನೋವೂ ಇಲ್ಲ ಎಂದಾದರೆ ಆರು ತಿಂಗಳಿಗೊಮ್ಮೆ ಎಕ್ಸ್‌ರೇ ತೆಗೆದು ಬಿಟ್ಟುಬಿಡುವುದೇ ಸರಿ ಎಂಬುದು ನನ್ನ ನಿಲುವು. 'ಇದ್ದದ್ದು ಇದೆ, ತೆಗೆದೇಬಿಡೋಣ' ಎಂಬ ಅವಸರಕ್ಕೆ ಮಗು ಆರು ವಾರ ಪ್ಲಾಸ್ಟರಿನಲ್ಲಿ ಕೂರಬೇಕಾಗುತ್ತದೆ.

ಮಾಡಬೇಕಾದರೆ, ಹಿಮ್ಮಡಿಯ ಹೊರಬದಿಯಿಂದ ಒಳಹೊಕ್ಕು, ಮೂಳೆಯಲ್ಲಿ ಸಣ್ಣ ಕಿಟಕಿ ಕೊರೆಯುತ್ತಾರೆ. ಒಣಹುಲ್ಲಿನ ಬಣ್ಣದ ತಿಳಿನೀರು ಬರುತ್ತದೆ. ಒಳಗೋಡೆಗೆ ಅಂಟಿದ ತೆಳು ಪೊರೆಯನ್ನು ಪೂರ್ತಿ ಕೆರೆದು, ಸೊಂಟದ ಮೂಳೆಯ ಕಸಿ, ದಾನಿಯ ಮೂಳೆ ಅಥವಾ ಕೃತಕ ಕ್ಯಾಲ್ಸಿಯಂ ಹರಳುಗಳನ್ನು ತುಂಬುತ್ತಾರೆ. ಸ್ಟೀರಾಯ್ಡ್ ಚುಚ್ಚುಮದ್ದು ತೋಳಿನಲ್ಲಿ ಹಲವರಿಗೆ ಕೆಲಸ ಮಾಡಿದರೂ ಹಿಮ್ಮಡಿಯಲ್ಲಿ ಅದರ ಫಲ ಕಡಿಮೆ. ಕೆರೆದು ಕಸಿ ತುಂಬುವುದೇ ಇಲ್ಲಿ ಹೆಚ್ಚು ನೆಚ್ಚಬಹುದಾದ ದಾರಿ. ಹೊರಬದಿಯ ಕೊಯ್ತದಲ್ಲಿ ಸ್ಯೂರಲ್ ನರ ಸಿಗುತ್ತದೆ. ಅದಕ್ಕೆ ಪೆಟ್ಟಾದರೆ ಪಾದದ ಹೊರ ಅಂಚು ಮರಗಟ್ಟುತ್ತದೆ, ಕೆಲವರಿಗೆ ಶೂ ತಾಗಿದಾಗಲೆಲ್ಲ ಜುಮ್ಮೆನ್ನುತ್ತದೆ. ಕ್ಯಾಲ್ಸಿಯಂ ಸಲ್ಫೇಟ್ ತುಂಬಿದವರಿಗೆ ಗಾಯದಿಂದ ಹಾಲಿನಂಥ ನೀರು ಕೆಲವು ದಿನ ಒಸರುವುದುಂಟು. ಅದು ಕೀವಲ್ಲ, ಆದರೆ ಜ್ವರ, ಕೆಂಪು, ಹೆಚ್ಚುವ ನೋವು ಜೊತೆಗೂಡಿದರೆ ಸೋಂಕೆಂದೇ ನೋಡಬೇಕು. ಕಿಟಕಿ ಕೊರೆದಾಗ ತಿಳಿನೀರಿನ ಬದಲು ರಕ್ತವೋ ಗಟ್ಟಿ ಮಾಂಸವೋ ಬಂದರೆ ಮೊದಲಿನ ಊಹೆ ತಪ್ಪೆಂದೇ ಅರ್ಥ. ಏನೇ ಬರಲಿ, ಕೆರೆದದ್ದೆಲ್ಲ ಪೆಥಾಲಜಿಗೆ, ಎಂದರೆ ಸೂಕ್ಷ್ಮದರ್ಶಕದ ಪರೀಕ್ಷೆಗೆ, ಹೋಗಬೇಕು.

ಇನ್ನು ಹಿಮ್ಮಡಿಯ ಹಿಂತುದಿ. ಅಲ್ಲಿ ಬೆಳವಣಿಗೆಯ ಕಾಲದಲ್ಲಿ ಬೇರೆಯದೇ ಒಂದು ಬಿಲ್ಲೆ ಇರುತ್ತದೆ. ಹುಡುಗಿಯರಲ್ಲಿ 6ರ, ಹುಡುಗರಲ್ಲಿ 8ರ ಆಸುಪಾಸಿನಲ್ಲಿ ಅದು ಎಕ್ಸ್‌ರೇಯಲ್ಲಿ ಮೂಡಿ ಹದಿಹರೆಯದ ನಡುವೆ ಮುಖ್ಯ ಮೂಳೆಗೆ ಕೂಡಿಕೊಳ್ಳುತ್ತದೆ. ಅದು ಬೆಳ್ಳಗೆ, ಚೂರುಚೂರಾದಂತೆ ಕಾಣುವುದು ಆರೋಗ್ಯವಂತ ಮಕ್ಕಳಲ್ಲೂ ಇದೆ. ಆಟವಾಡಿದ ಮೇಲೆ ಹಿಮ್ಮಡಿ ನೋವು, ಎರಡೂ ಬದಿಯಿಂದ ಹಿಸುಕಿದರೆ ಚುಳುಕು, ಹಲವರಲ್ಲಿ ಎರಡೂ ಕಾಲಿಗೆ, ವಿಶ್ರಾಂತಿ ಕೊಟ್ಟರೆ ಇಳಿಯುತ್ತದೆ ಎಂದಾದರೆ ಅದು ಸೀವರ್ಸ್ ತೊಂದರೆ, ಗಡ್ಡೆಯಲ್ಲ. ಆದರೆ ನೋವು ಒಂದೇ ಹಿಮ್ಮಡಿಯಲ್ಲಿದ್ದು, ಆಟ ನಿಲ್ಲಿಸಿ ಆರು ವಾರವಾದರೂ ಇಳಿಯದೆ, ಊತವೂ ಇದ್ದರೆ ಆ ಹಣೆಪಟ್ಟಿಯನ್ನು ಕಿತ್ತು ಮತ್ತೆ ಎಕ್ಸ್‌ರೇ ನೋಡಬೇಕು. ಅದೇ ಹಿಂತುದಿಯಲ್ಲಿ, ಇಲ್ಲವೇ ಹಿಮ್ಮಡಿಯ ಮೇಲಿನ ಕೀಲಿನ ಅಂಚಿನಲ್ಲಿ, ಕಾಂಡ್ರೊಬ್ಲಾಸ್ಟೊಮಾ ಎಂಬ ಗಡ್ಡೆ ಬರುತ್ತದೆ. ಹೆಚ್ಚಾಗಿ ಹದಿಹರೆಯದ ಹುಡುಗರಲ್ಲಿ. ಇದು ಬಿನೈನ್ ಆದರೂ ಸುಮ್ಮನೆ ಕೂರುವ ಜಾತಿಯಲ್ಲ: ಮೂಳೆ ತಿನ್ನುತ್ತದೆ, ಸುತ್ತ ದೊಡ್ಡ ಬಾವು ಎಬ್ಬಿಸುತ್ತದೆ, ಕೆರೆದ ಮೇಲೂ ಸುಮಾರು ಹತ್ತರಲ್ಲಿ ಒಬ್ಬರಿಬ್ಬರಲ್ಲಿ ಮರಳುತ್ತದೆ, ತೀರಾ ಅಪರೂಪಕ್ಕೆ ಶ್ವಾಸಕೋಶಕ್ಕೂ ಬೀಜ ಬೀಳುತ್ತದೆ. ಹಾಗಾಗಿ ಇದಕ್ಕೆ ಕಾದು ನೋಡುವ ಮಾತಿಲ್ಲ, ಮತ್ತು ಚಿಕಿತ್ಸೆಯ ನಂತರದ ತಪಾಸಣೆಯಲ್ಲಿ ಎದೆಯ ಎಕ್ಸ್‌ರೇಯೂ ಸೇರಿರುತ್ತದೆ.

ರಾತ್ರಿ ಎಬ್ಬಿಸುವ ನೋವು

ಹಿಮ್ಮಡಿಯ ಮೇಲೆ, ಕಾಲಿನ ಗಿಣ್ಣಿನ ಕೀಲಿನಲ್ಲಿ ಕೂತಿರುವ ಮೂಳೆ ಟೇಲಸ್. ಅದರ ಕತ್ತಿನ ಭಾಗ ಆಸ್ಟಿಯಾಯ್ಡ್ ಆಸ್ಟಿಯೋಮಾ ಎಂಬ ಗಡ್ಡೆಗೆ ಪ್ರಿಯವಾದ ಜಾಗ. ಗಾತ್ರದಲ್ಲಿ ಇದು ಕಡಲೆಕಾಳಿನಷ್ಟು. 2 ಸೆಂಟಿಮೀಟರ್ ದಾಟಿದರೆ ಹೆಸರೇ ಬದಲಾಗಿ ಆಸ್ಟಿಯೋಬ್ಲಾಸ್ಟೊಮಾ ಆಗುತ್ತದೆ. ಆದರೆ ಕೊಡುವ ನೋವು ಗಾತ್ರಕ್ಕೆ ತಕ್ಕದ್ದಲ್ಲ. ಆ ಕಾಳಿನ ಜೀವಕೋಶಗಳು ಪ್ರೊಸ್ಟಗ್ಲಾಂಡಿನ್ ಎಂಬ ನೋವು-ಬಾವಿನ ರಾಸಾಯನಿಕವನ್ನು ಯಥೇಚ್ಛವಾಗಿ ತಯಾರಿಸುತ್ತವೆ, ಅದರೊಳಗೆ ನರದ ಎಳೆಗಳೂ ಇವೆ. ಪ್ರೊಸ್ಟಗ್ಲಾಂಡಿನ್ ತಡೆಯುವ ಐಬುಪ್ರೊಫೆನ್‌ನಂಥ ಮಾತ್ರೆಗೆ ಅರ್ಧ ಮುಕ್ಕಾಲು ಗಂಟೆಯಲ್ಲಿ ನೋವು ಮಂಗಮಾಯವಾಗುವುದು ಇದಕ್ಕೇ.

ಇದಕ್ಕೂ ಬೆಳವಣಿಗೆಯ ನೋವಿಗೂ ಇರುವ ವ್ಯತ್ಯಾಸವನ್ನು ಮನೆಯಲ್ಲೇ ಗುರುತಿಸಬಹುದು. ಬೆಳವಣಿಗೆಯ ನೋವು ಎರಡೂ ಕಾಲಿಗೆ ಬರುತ್ತದೆ, ಒಂದು ರಾತ್ರಿ ಬಂದರೆ ನಾಲ್ಕು ರಾತ್ರಿ ಇರುವುದಿಲ್ಲ, ಮಾಂಸಖಂಡದಲ್ಲಿರುತ್ತದೆ, ತಿಕ್ಕಿದರೆ ಹಾಯೆನಿಸುತ್ತದೆ, ಬೆಳಗ್ಗೆ ಮಗು ಕುಂಟುವುದಿಲ್ಲ. ಇದು ಹಾಗಲ್ಲ: ಒಂದೇ ಕಾಲು, ಬೆರಳಿಟ್ಟು ತೋರಿಸುವಂಥ ಒಂದೇ ಜಾಗ, ವಾರ ಕಳೆದಂತೆ ಹೆಚ್ಚುವ ನೋವು, ಹಗಲೂ ಸಣ್ಣ ಕುಂಟು. ಎರಡು ವಾರ ಒಂದು ಚೀಟಿಯಲ್ಲಿ ನೋವು ಎಷ್ಟು ಹೊತ್ತಿಗೆ ಬಂತು, ಯಾವ ಮಾತ್ರೆ ಕೊಟ್ಟಿರಿ, ಎಷ್ಟು ನಿಮಿಷಕ್ಕೆ ಇಳಿಯಿತು ಎಂದು ಬರೆದಿಟ್ಟರೆ ಆ ಚೀಟಿ ಅರ್ಧ ರೋಗನಿರ್ಣಯ. ಮಾತ್ರೆಯ ಪ್ರಮಾಣ ಮಗುವಿನ ತೂಕಕ್ಕೆ ತಕ್ಕಂತೆ ವೈದ್ಯರು ಹೇಳಿದಷ್ಟೇ. ಹೊಟ್ಟೆ ತುಂಬಿದ ಮೇಲೆ. ಹಳೆಯ ಪುಸ್ತಕಗಳಲ್ಲಿ 'ಆಸ್ಪಿರಿನ್‌ಗೆ ಇಳಿಯುವ ನೋವು' ಎಂದಿರುವುದನ್ನು ಓದಿ ಆಸ್ಪಿರಿನ್ ಕೊಡಬೇಡಿ. ಮಕ್ಕಳಲ್ಲಿ ಅದು ರೈಸ್ ಸಿಂಡ್ರೋಮ್ ಎಂಬ, ಯಕೃತ್ತು ಮತ್ತು ಮೆದುಳನ್ನು ಕೆಡಿಸುವ ಅಪಾಯಕ್ಕೆ ದಾರಿ ಮಾಡಬಲ್ಲದು.

ಉದ್ದ ಮೂಳೆಯಲ್ಲಿ ಈ ಗಡ್ಡೆ ಬಂದರೆ ಸುತ್ತ ದಪ್ಪ ಬಿಳಿ ಮೂಳೆ ಕಟ್ಟಿಕೊಂಡು ಎಕ್ಸ್‌ರೇಯಲ್ಲಿ ತಾನೇ ಕೂಗಿ ಹೇಳುತ್ತದೆ. ಟೇಲಸ್‌ನಲ್ಲಿ ಕೀಲಿನೊಳಗೇ ಇರುವುದರಿಂದ ಆ ಬಿಳಿ ಗೋಡೆ ಅಷ್ಟಾಗಿ ಕಟ್ಟುವುದಿಲ್ಲ. ಎಕ್ಸ್‌ರೇ ಸರಿಯಾಗಿದೆ, ಕೀಲು ಮಾತ್ರ ಊದಿದೆ. ಹಾಗಾಗಿ ಸಂಧಿವಾತ ಎಂದು, ವಾಸಿಯಾಗದ ಉಳುಕು ಎಂದು ಫಿಸಿಯೊಥೆರಪಿಗೆ ಕಳಿಸುವುದು ನಡೆಯುತ್ತದೆ. ಎಂಆರ್‌ಐ ಇಲ್ಲಿ ದಾರಿ ತಪ್ಪಿಸಲೂಬಹುದು: ಇಡೀ ಮೂಳೆ ನೀರೊಡೆದಂತೆ ಬೆಳಗುತ್ತದೆ, ನಡುವಿನ ಕಾಳು ಆ ಬೆಳಕಿನಲ್ಲಿ ಮುಳುಗಿಹೋಗುತ್ತದೆ. ಸೋಂಕೋ, ಅದಕ್ಕಿಂತ ಕೆಟ್ಟದ್ದೋ ಎಂದು ಗಾಬರಿಯಾಗುತ್ತದೆ. ಕಾಳನ್ನು ಹಿಡಿಯುವುದು ಸಿಟಿ, ಅದೂ 1 ಮಿಲಿಮೀಟರ್ ಅಥವಾ ಅದಕ್ಕಿಂತ ತೆಳುವಾದ ಸೀಳುಗಳಲ್ಲಿ. 3-5 ಮಿಲಿಮೀಟರ್ ದಪ್ಪದ ಸೀಳಿನಲ್ಲಿ ಅದು ಎರಡು ಚಿತ್ರಗಳ ನಡುವೆ ಜಾರಿಹೋಗಬಹುದು. ಸ್ಕ್ಯಾನ್ ಬರೆದುಕೊಡುವಾಗಲೇ 'ಆಸ್ಟಿಯಾಯ್ಡ್ ಆಸ್ಟಿಯೋಮಾ ಅನುಮಾನ, ತೆಳು ಸೀಳು' ಎಂದು ನಮೂದಿಸುವಂತೆ ಕೇಳಿ.

ಚಿಕಿತ್ಸೆಗೆ ಈಗ ಬಹುತೇಕ ರೇಡಿಯೊಫ್ರೀಕ್ವೆನ್ಸಿ ಅಬ್ಲೇಶನ್. ಮಗುವಿಗೆ ಪೂರ್ತಿ ಅರಿವಳಿಕೆ ಕೊಟ್ಟು, ಸಿಟಿಯ ಕೆಳಗೆ ನೋಡುತ್ತಾ ಸೂಜಿಯನ್ನು ಕಾಳಿನ ನಡುವಿಗೆ ಕೊರೆದು, ಅದರ ತುದಿಯನ್ನು 90 ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 5-6 ನಿಮಿಷ ಕಾಯಿಸುತ್ತಾರೆ. ಸುತ್ತ ಹೆಚ್ಚುಕಡಿಮೆ 1 ಸೆಂಟಿಮೀಟರ್ ಅಗಲದ ಗೋಳ ಬೆಂದುಹೋಗುತ್ತದೆ. ಇದರಲ್ಲೊಂದು ವಿಚಿತ್ರವಿದೆ: ಸೂಜಿ ಕಾಳನ್ನು ತಾಗಿದೊಡನೆ ಗಾಢ ಅರಿವಳಿಕೆಯಲ್ಲಿರುವ ಮಗುವಿನ ಎದೆಬಡಿತ, ಉಸಿರು ಏರಬಹುದು. ಪಾದದಲ್ಲಿ ಇದರ ತೊಡಕು ಎಂದರೆ ಚರ್ಮ, ನರ, ಕೀಲಿನ ಮೃದ್ವಸ್ಥಿ ಎಲ್ಲವೂ ತೀರಾ ಹತ್ತಿರ. ಚರ್ಮಕ್ಕೋ ಮುಖ್ಯ ನರಕ್ಕೋ 1 ಸೆಂಟಿಮೀಟರ್‌ಗಿಂತ ಕಡಿಮೆ ಅಂತರವಿದ್ದರೆ ನಡುವೆ ದ್ರವ ತುಂಬಿ ದೂರ ತಳ್ಳುತ್ತಾರೆ, ಇಲ್ಲವೇ ಸುಡುವುದನ್ನೇ ಬಿಟ್ಟು ಕೊರೆದು ತೆಗೆಯುತ್ತಾರೆ. ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಒಂದೇ ಸಲಕ್ಕೆ ಸಾಕು. ಎಷ್ಟೋ ಸಲ ಆ ರಾತ್ರಿಯ, ಇಲ್ಲವೇ ಮರುರಾತ್ರಿಯ ನಿದ್ದೆಯೇ ಯಶಸ್ಸಿನ ಸುಳಿವು ಕೊಡುತ್ತದೆ. ನಡೆಯಲು ಬೇಗನೆ ಬಿಡುತ್ತಾರೆ; ಓಟ, ಜಿಗಿತ ಮಾತ್ರ ವೈದ್ಯರು ಹೇಳುವವರೆಗೆ ಬೇಡ, ಏಕೆಂದರೆ ಕೊರೆದ ತೂತು ಮುಚ್ಚಿಕೊಳ್ಳಲು ತಿಂಗಳುಗಳು ಬೇಕು. ನೋವು ಮರಳಿದರೆ ಕಾಳಿನ ಒಂದು ಅಂಚು ಬೇಯದೆ ಉಳಿದಿದೆ ಎಂದು ಲೆಕ್ಕ. ಅದೇ ದಾರಿಯಲ್ಲಿ ಮತ್ತೊಮ್ಮೆ ಮಾಡಬಹುದು.

ಏನೂ ಮಾಡದಿದ್ದರೆ? ಕೆಲವು ವರ್ಷಗಳಲ್ಲಿ ಇದು ತಾನೇ ಆರಿಹೋಗುವುದುಂಟು. ಅಷ್ಟು ವರ್ಷ ದಿನವೂ ನೋವಿನ ಮಾತ್ರೆ, ಕೆಟ್ಟ ನಿದ್ದೆ, ಬಿಗಿಯಾದ ಕೀಲು. ಟೇಲಸ್‌ನ ಮಟ್ಟಿಗೆ ಈ ವ್ಯಾಪಾರ ಗಿಟ್ಟುವುದಿಲ್ಲ.

ನಡುಪಾದ ಮತ್ತು ಬೆರಳು

ಮೆಟಟಾರ್ಸಲ್ ಒಂದು ಕಡೆ ಬಲೂನಿನಂತೆ ಉಬ್ಬಿ, ಮೇಲಿನ ಮೂಳೆ ಮೊಟ್ಟೆಯ ಸಿಪ್ಪೆಯಷ್ಟು ತೆಳುವಾಗಿದ್ದರೆ ಮೊದಲು ನೆನಪಾಗಬೇಕಾದ್ದು ಅನ್ಯೂರಿಸ್ಮಲ್ ಬೋನ್ ಸಿಸ್ಟ್. ಹೆಸರಿನಲ್ಲಿ ಸಿಸ್ಟ್ ಇದ್ದರೂ ಇದು ರಕ್ತ ತುಂಬಿದ ಕೋಣೆಗಳ ಗಡ್ಡೆ. ಮೂಲವಾಗಿ ಇದೇ ರೋಗವಾಗಿರುವ ಸುಮಾರು 70 ಶೇಕಡಾ ಪ್ರಕರಣಗಳಲ್ಲಿ ಯುಎಸ್‌ಪಿ6 ಎಂಬ ಜೀನ್ ಜಾಗ ಬದಲಿಸಿರುತ್ತದೆ. ಎಂಆರ್‌ಐಯಲ್ಲಿ ಒಂದೊಂದು ಕೋಣೆಯಲ್ಲೂ ಮೇಲೆ ತಿಳಿ, ಕೆಳಗೆ ಗಸಿ ಎಂಬಂತೆ ಅಡ್ಡಗೆರೆ ಕಾಣುತ್ತದೆ. ಆ ಗಸಿ ಕೂರಲು ಮಗು ಕೆಲವು ನಿಮಿಷ ಅಲುಗದೆ ಮಲಗಿರಬೇಕು. ಎಚ್ಚರ ಬೇಕಾದ್ದು ಏಕೆಂದರೆ, ಇದೇ ಅಡ್ಡಗೆರೆಗಳನ್ನು ತೋರಿಸುವ ಟೆಲಾಂಜಿಯೆಕ್ಟಾಟಿಕ್ ಆಸ್ಟಿಯೋಸಾರ್ಕೋಮಾ ಎಂಬ ಕ್ಯಾನ್ಸರ್ ಒಂದಿದೆ. ಮೇಲೆ ಹೇಳಿದ ಕಾಂಡ್ರೊಬ್ಲಾಸ್ಟೊಮಾ ಒಳಗೂ ಇಂಥ ರಕ್ತದ ಕೋಣೆಗಳು ಹುಟ್ಟಿಕೊಳ್ಳಬಹುದು. ಆದ್ದರಿಂದ ಬಯಾಪ್ಸಿ, ಎಂದರೆ ಚೂರು ತೆಗೆದು ಪರೀಕ್ಷಿಸುವುದು, ಇಲ್ಲದೆ ಇದಕ್ಕೆ ಹೆಸರಿಡುವಂತಿಲ್ಲ. ಬಯಾಪ್ಸಿಯಲ್ಲೂ ಬರೀ ರಕ್ತ ಬಂದರೆ ಪ್ರಯೋಜನವಿಲ್ಲ. ಗೋಡೆಯ ಗಟ್ಟಿ ಭಾಗ ಸಿಗಬೇಕು.

ಚಿಕಿತ್ಸೆ ಎರಡು ಬಗೆ. ಒಂದು, ದೊಡ್ಡ ಕಿಟಕಿ ತೆರೆದು ಕೆರೆದು, ವೇಗವಾಗಿ ತಿರುಗುವ ಮೊನೆಯಾದ ಬರ್ರ್‌ನಿಂದ ಗೋಡೆಗಳನ್ನು ಉಜ್ಜಿ, ಕಸಿ ತುಂಬುವುದು. ಕಿಟಕಿ ಚಿಕ್ಕದಾದರೆ ಮೂಲೆಗಳು ಕಾಣುವುದಿಲ್ಲ, ಮರುಕಳಿಸುವುದು ಆ ಮೂಲೆಗಳಿಂದಲೇ. ಇನ್ನೊಂದು, ಪಾಲಿಡೊಕನಾಲ್‌ನಂಥ ಔಷಧವನ್ನು ಕೋಣೆಗಳಿಗೆ ಚುಚ್ಚಿ ಒಣಗಿಸುವುದು. ವಾರಗಳ ಅಂತರದಲ್ಲಿ ಹಲವು ಸಲ ಬೇಕಾಗುತ್ತದೆ, ಆದರೆ ಬೆಳವಣಿಗೆಯ ತಟ್ಟೆಯ (ಮೂಳೆ ಉದ್ದವಾಗುವ ಪದರದ) ಪಕ್ಕದಲ್ಲಿರುವ ಗಡ್ಡೆಗೆ ಇದೇ ಸೌಮ್ಯ ದಾರಿ. ಆ ತಟ್ಟೆ ಎಲ್ಲಿದೆ ಎಂಬುದನ್ನು ಪಾದದಲ್ಲಿ ನೆನಪಿಡಬೇಕು: ಹೆಬ್ಬೆರಳಿನ ಮೆಟಟಾರ್ಸಲ್‌ಗೆ ಅದು ಬುಡದಲ್ಲಿ, ಉಳಿದ ನಾಲ್ಕಕ್ಕೆ ಬೆರಳಿನ ಕಡೆಯ ತಲೆಯ ಹತ್ತಿರ. ಅದಕ್ಕೆ ಬರ್ರ್ ತಗುಲಿದರೆ ಆ ಮೂಳೆ ಗಿಡ್ಡವಾಗಿಯೇ ಉಳಿಯುತ್ತದೆ, ಪಕ್ಕದ ಮೂಳೆಯ ತಲೆಯ ಮೇಲೆ ಭಾರ ಬಿದ್ದು ಅಂಗಾಲಿನಲ್ಲಿ ಆಣಿ ಕಟ್ಟುತ್ತದೆ. ಡೆನೊಸುಮ್ಯಾಬ್ ಎಂಬ ಚುಚ್ಚುಮದ್ದನ್ನೂ ಕೆಲವು ಕಡೆ ಬಳಸುತ್ತಾರೆ. ಬೆಳೆಯುವ ಮಕ್ಕಳಲ್ಲಿ ಅದನ್ನು ನಿಲ್ಲಿಸಿ ಕೆಲವು ತಿಂಗಳಾದ ಮೇಲೆ ರಕ್ತದಲ್ಲಿ ಕ್ಯಾಲ್ಸಿಯಂ ಅಪಾಯದ ಮಟ್ಟಕ್ಕೆ ಏರಬಹುದು. ವಾಂತಿ, ಮಲಬದ್ಧತೆ, ಮಂಕು ಕಂಡರೆ ಹೊಟ್ಟೆಯ ಔಷಧ ಹುಡುಕದೆ ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಬೇಕು. ಪಾದದ ಗಡ್ಡೆಗೆ ಇದು ಮೊದಲ ಆಯ್ಕೆ ಆಗಬಾರದು ಎಂದೇ ನನಗನಿಸುವುದು.

ಬೆರಳಿನ ಮೂಳೆಯೊಳಗೆ ಎನ್ಕಾಂಡ್ರೋಮಾ ಎಂಬ ಮೃದ್ವಸ್ಥಿಯ ಗಂಟು ಬರುತ್ತದೆ. ಬೆರಳು ಎಲ್ಲೋ ತಾಗಿ ಮುರಿದಾಗಲೇ ಅದು ಗೊತ್ತಾಗುವುದು ಹೆಚ್ಚು. ಆಗ ಅವಸರ ಬೇಡ. ಪಕ್ಕದ ಬೆರಳಿಗೆ ಸೇರಿಸಿ ಕಟ್ಟಿ ಮುರಿತ ಕೂಡಲು ಬಿಟ್ಟು, ಆಮೇಲೆ ಬೇಕಾದರೆ ಕೆರೆಯಬಹುದು. ನೋವಿಲ್ಲದ ಚಿಕ್ಕದನ್ನು ಹಾಗೇ ಬಿಡಬಹುದು. ಹಲವು ಮೂಳೆಗಳಲ್ಲಿ ಒಟ್ಟಿಗೆ ಇದ್ದರೆ ಅದು ಒಲಿಯೇ ಕಾಯಿಲೆ, ಜೊತೆಗೆ ಚರ್ಮದಲ್ಲಿ ರಕ್ತನಾಳದ ಗಂಟುಗಳಿದ್ದರೆ ಮಫೂಚಿ. ಈ ಎರಡರಲ್ಲೂ ಮುಂದೆ ಕ್ಯಾನ್ಸರ್ ಆಗುವ ಅಪಾಯ ಇರುವುದರಿಂದ ತಪಾಸಣೆ ಜೀವಮಾನದ್ದು. ಮೃದ್ವಸ್ಥಿಯ ಟೋಪಿ ಹೊತ್ತ ಮೂಳೆಗಂಟಾದ ಆಸ್ಟಿಯೋಕಾಂಡ್ರೋಮಾ ಪಾದಕ್ಕಿಂತ ಗಿಣ್ಣಿನಿಂದ ಮೇಲಿನ ಮೂಳೆಗಳಲ್ಲಿ ಹೆಚ್ಚು. ಮನೆಯಲ್ಲಿ ಬೇರೆಯವರಿಗೂ ಮೂಳೆಗಂಟುಗಳಿದ್ದರೆ ವಂಶವಾಹಿ ರೂಪವೇ ಎಂದು ನೋಡಬೇಕು.

ಪರೀಕ್ಷೆಯ ಕ್ರಮ, ಬಯಾಪ್ಸಿಯ ತಪ್ಪುಗಳು

ಮೊದಲು ಎಕ್ಸ್‌ರೇ, ಮೂರು ಕೋನದಿಂದ: ಮೇಲಿನಿಂದ, ಬದಿಯಿಂದ, ಓರೆಯಾಗಿ. ಹಿಮ್ಮಡಿಯಾದರೆ ಹಿಂದಿನಿಂದ ಓರೆಯಾಗಿ ತೆಗೆಯುವ ಆಕ್ಸಿಯಲ್ ಚಿತ್ರ ಇನ್ನೊಂದು. ವಿಕಿರಣದ ಭಯ ಇಲ್ಲಿ ಬೇಡ. ಪಾದದ ಒಂದು ಎಕ್ಸ್‌ರೇಯ ಪ್ರಮಾಣ ಒಂದು ದಿನದಲ್ಲಿ ಪ್ರಕೃತಿಯಿಂದಲೇ ಸಿಗುವುದಕ್ಕಿಂತ ಕಡಿಮೆ. ಆದರೆ ಎಕ್ಸ್‌ರೇ ಸ್ವಚ್ಛವಾಗಿದೆ ಎಂದು ಕೈಬಿಡುವಂತಿಲ್ಲ. ಮೂಳೆಯ ಸುಣ್ಣ 30ರಿಂದ 50 ಶೇಕಡಾ ಕರಗುವವರೆಗೆ ಅದರಲ್ಲಿ ಕಪ್ಪು ಕಾಣುವುದೇ ಇಲ್ಲ. ನೋವು ನಾಲ್ಕು ವಾರ ದಾಟಿಯೂ ಉಳಿದರೆ ಮುಂದಿನ ಹೆಜ್ಜೆ ಎಂಆರ್‌ಐ. ಚಿಕ್ಕ ಮಕ್ಕಳಿಗೆ ಅರಿವಳಿಕೆ ಬೇಕಾಗಬಹುದು, ಹಾಗಾಗಿ 'ಇಡೀ ಕಾಲು' ಎಂದು ಬರೆಸದೆ ನೋವಿನ ಜಾಗಕ್ಕೆ ಗುರುತು ಅಂಟಿಸಿ ಪಾದದ್ದನ್ನಷ್ಟೇ ಸ್ಪಷ್ಟವಾಗಿ ತೆಗೆಸುವುದು ಮೇಲು.

ಗಡ್ಡೆಯ ಅಂಚು ಸ್ಪಷ್ಟವಾಗಿ ಬಿಳಿ ಗೆರೆಯಂತಿದ್ದರೆ ಅದು ನಿಧಾನದ್ದು. ಅಂಚು ಹುಳು ತಿಂದಂತೆ ಕರಗಿದ್ದರೆ, ಮೂಳೆಯ ಹೊರಪದರ ಈರುಳ್ಳಿ ಸಿಪ್ಪೆಯಂತೆ ಎದ್ದಿದ್ದರೆ, ಜ್ವರ, ತೂಕ ಇಳಿತ ಇದ್ದರೆ ಈ ಬರಹದ ಮಿತಿ ಅಲ್ಲಿಗೆ ಮುಗಿಯಿತು. ಮೂಳೆ ಕ್ಯಾನ್ಸರ್ ನೋಡುವ ತಂಡಕ್ಕೆ ವಾರದೊಳಗೆ ತೋರಿಸಬೇಕು. ಹಿಮ್ಮಡಿಯ ಯೂಯಿಂಗ್ ಸಾರ್ಕೋಮಾ ಎಂಬ ಕ್ಯಾನ್ಸರ್ ಮೂಳೆಯ ಸೋಂಕಿನ ವೇಷ ಹಾಕಿಕೊಂಡೇ ಬರುತ್ತದೆ: ಜ್ವರ, ಕೆಂಪು, ಏರಿದ ಇಎಸ್‌ಆರ್, ಸಿಆರ್‌ಪಿ (ಬಾವು ತಿಳಿಸುವ ರಕ್ತಪರೀಕ್ಷೆಗಳು). ಕೀವೆಂದು ಕೊಯ್ದು ತೊಳೆದು ಮುಚ್ಚಿದರೆ ತಿಂಗಳು ಕಳೆದುಹೋಗುತ್ತದೆ. ಆದ್ದರಿಂದ ಕೊಯ್ದಾಗಲೆಲ್ಲ ಎರಡು ಡಬ್ಬಿ. ಸೋಂಕೆಂದುಕೊಂಡರೂ ಒಂದು ಚೂರು ಪೆಥಾಲಜಿಗೆ, ಗಡ್ಡೆಯೆಂದುಕೊಂಡರೂ ಒಂದು ಚೂರು ಕಲ್ಚರ್‌ಗೆ, ಎಂದರೆ ಕೀಟಾಣು ಬೆಳೆಸಿ ನೋಡುವ ಪರೀಕ್ಷೆಗೆ. ಕಲ್ಚರ್‌ನ ಚೂರು ಫಾರ್ಮಲಿನ್‌ಗೆ ಬಿದ್ದರೆ ಕೀಟಾಣು ಸತ್ತು ಪರೀಕ್ಷೆಯೇ ವ್ಯರ್ಥ. ಅದನ್ನು ಶುದ್ಧ ಸಲೈನ್‌ನಲ್ಲಿ ಕಳಿಸಬೇಕು. ಜೀನ್ ಪರೀಕ್ಷೆ ಬೇಕಾಗಬಹುದು ಎಂದಿದ್ದರೆ ಮೂಳೆಯ ಚೂರನ್ನು ಕಟು ಆಮ್ಲದಲ್ಲಿ ಮೆದುಗೊಳಿಸಬಾರದು, ಡಿಎನ್‌ಎ ಹಾಳಾಗುತ್ತದೆ. ಇಡಿಟಿಎ ದ್ರಾವಣ ನಿಧಾನವಾದರೂ ಸುರಕ್ಷಿತ.

ಬಯಾಪ್ಸಿ ಎಂಆರ್‌ಐಗಿಂತ ಮೊದಲು ಬೇಡ, ಚುಚ್ಚಿದ ರಕ್ತ ಚಿತ್ರವನ್ನು ಕೆಡಿಸುತ್ತದೆ. ಕೊನೆಯ ಶಸ್ತ್ರಚಿಕಿತ್ಸೆ ಮಾಡುವವರೇ ಬಯಾಪ್ಸಿಯ ದಾರಿಯನ್ನೂ ತೀರ್ಮಾನಿಸಬೇಕು. ಕೊಯ್ತ ಪಾದದ ಉದ್ದಕ್ಕೆ ಇರಬೇಕು, ಅಡ್ಡಕ್ಕಲ್ಲ. ಅಕಸ್ಮಾತ್ ಕ್ಯಾನ್ಸರ್ ಎಂದು ಬಂದರೆ ಆ ಗಾಯದ ದಾರಿಯನ್ನೂ ಸೇರಿಸಿ ತೆಗೆಯಬೇಕಾಗುತ್ತದೆ. ಅಡ್ಡ ಕೊಯ್ತವಾಗಿದ್ದರೆ ಉಳಿಸಬಹುದಾಗಿದ್ದ ಪಾದ ಕೈತಪ್ಪಬಹುದು.

ಆಪರೇಷನ್ ಆದ ಮೇಲೆ

ಮೊದಲ 2-3 ದಿನ ಪಾದ ಎದೆಯ ಮಟ್ಟಕ್ಕಿಂತ ಮೇಲೆ. ದಿಂಬನ್ನು ಹಿಮ್ಮಡಿಯ ಕೆಳಗಿಡದೆ ಮೀನಖಂಡದ ಕೆಳಗಿಡಿ, ಇಲ್ಲದಿದ್ದರೆ ಪ್ಲಾಸ್ಟರ್ ಒತ್ತಿ ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಬೆರಳುಗಳನ್ನು ನೀವು ಮೆಲ್ಲಗೆ ಎತ್ತಿದಾಗ ಮಗು ಕಿರುಚುವಷ್ಟು ನೋವಾದರೆ, ಮಾತ್ರೆ ಕೊಟ್ಟರೂ ನೋವು ಏರುತ್ತಲೇ ಇದ್ದರೆ, ಪ್ಲಾಸ್ಟರಿನೊಳಗೆ ಒತ್ತಡ ಹೆಚ್ಚಿದೆ ಎಂದು ಭಾವಿಸಿ ತಕ್ಷಣ ಆಸ್ಪತ್ರೆಗೆ ಹೊರಡಿ. ಅದನ್ನು ಬಿಡಿಸಲು ಇರುವುದು ಗಂಟೆಗಳ ಲೆಕ್ಕದ ಸಮಯ.

ಕಸಿ ತುಂಬಿದ ಹಿಮ್ಮಡಿ, ಟೇಲಸ್, ಮೆಟಟಾರ್ಸಲ್‌ಗೆ ಸಾಮಾನ್ಯವಾಗಿ 4ರಿಂದ 6 ವಾರ ಭಾರ ಹಾಕುವಂತಿಲ್ಲ. ಊರುಗೋಲು ಸರಿಯಾಗಿ ಹಿಡಿಯುವುದು ಏಳು ವರ್ಷದ ಆಸುಪಾಸಿನ ಮಕ್ಕಳಿಂದ. ಅದಕ್ಕಿಂತ ಚಿಕ್ಕವರಿಗೆ ವಾಕರ್ ಅಥವಾ ಗಾಲಿಕುರ್ಚಿ. ಅಂಬೆಗಾಲಿಟ್ಟು ಓಡಾಡಿದರೂ ಅಡ್ಡಿಯಿಲ್ಲ, ಮಂಡಿ ಭಾರ ಹೊರುತ್ತದೆಯೇ ಹೊರತು ಪಾದವಲ್ಲ. ಪ್ಲಾಸ್ಟರ್ ತೆಗೆದ ಮೇಲೆ ಕೆಲವು ವಾರ ಕುಂಟುವುದು ಮಾಮೂಲು. ಅದಕ್ಕೆ ಬೈದು ನಡೆಸಬೇಡಿ.

ತಪಾಸಣೆ ಎಕ್ಸ್‌ರೇಗಳು 6 ವಾರ, 3 ತಿಂಗಳು, 6 ತಿಂಗಳು, 1 ವರ್ಷಕ್ಕೆ, ಆಮೇಲೆ ವರ್ಷಕ್ಕೊಮ್ಮೆ. ಮರುಕಳಿಸುವುದು ಹೆಚ್ಚಾಗಿ ಮೊದಲ 2 ವರ್ಷದೊಳಗೆ. ಕಸಿ ಬೆಳ್ಳಗೆ ತುಂಬಿಕೊಂಡಿದ್ದ ಜಾಗದ ಅಂಚಿನಲ್ಲಿ ಹೊಸದಾಗಿ ಕಪ್ಪು ಕಾಣಿಸಿಕೊಂಡರೆ ಅದೇ ಮೊದಲ ಸುಳಿವು. ಕೃತಕ ಹರಳುಗಳು ಕರಗುವಾಗಲೂ ಕಪ್ಪು ಕಾಣುವುದರಿಂದ, ಆಪರೇಷನ್ ಆದ ದಿನದ ಚಿತ್ರ ಪಕ್ಕದಲ್ಲಿಲ್ಲದೆ ಎರಡನ್ನೂ ಬೇರ್ಪಡಿಸುವುದು ಕಷ್ಟ. ಆದ್ದರಿಂದ ಮೊದಲ ದಿನದಿಂದಲೂ ಚಿತ್ರಗಳ ಮೂಲ ಡಿಜಿಟಲ್ ಪ್ರತಿಯನ್ನು ಸಿಡಿಯಲ್ಲೋ ಪೆನ್‌ಡ್ರೈವ್‌ನಲ್ಲೋ ಕೇಳಿ ಪಡೆದಿಡಿ. ಮೊಬೈಲಿನಲ್ಲಿ ತೆಗೆದ ಫಿಲ್ಮಿನ ಫೋಟೊದಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ. ಪೆಥಾಲಜಿಯ ಗಾಜಿನ ಸ್ಲೈಡ್ ಮತ್ತು ಮೇಣದ ಬ್ಲಾಕ್ ಯಾವ ಪ್ರಯೋಗಾಲಯದಲ್ಲಿವೆ, ಯಾವ ಸಂಖ್ಯೆಯಲ್ಲಿವೆ ಎಂಬುದನ್ನೂ ಬರೆದಿಡಿ. ಎರಡನೇ ಅಭಿಪ್ರಾಯ ಕೇಳಲು ಹೋದಾಗ ವರದಿಯ ಕಾಗದಕ್ಕಿಂತ ಮೊದಲು ಕೇಳುವುದು ಅವನ್ನೇ.